ಜೀವಶಾಸ್ತ್ರವೋ, ಕಂಪ್ಯೂಟರೋ?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಎಸ್‌ಎಸ್‌ಎಲ್‌ಸಿ ಮುಗಿಯುತ್ತಲೇ ಮನೆಮನೆಯಲ್ಲೂ ಒಂದು ಪ್ರಶ್ನೆ: ಜೀವಶಾಸ್ತ್ರವೋ, ಕಂಪ್ಯೂಟರೋ? ಒಂದನ್ನು ಹಿಡಿದರೆ ಇನ್ನೊಂದರ ಬಾಗಿಲು ಮುಚ್ಚಿತೆಂದೇ ತಿಳಿಯುತ್ತೇವೆ. ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನಾನು, ಹಾಗಲ್ಲ ಎನ್ನಲು ಒಂದು ಉದಾಹರಣೆ ಕೊಡುತ್ತೇನೆ.

ಜೀವಕೋಶದಲ್ಲಿ ಡಿಎನ್‌ಎ ಎಂದರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿರುವ ಮೂಲ ಕಡತವಿದ್ದಂತೆ. ಕಡತ ಅಲ್ಲೇ ಇರುತ್ತದೆ. ಬೇಕಾದ ಭಾಗದ ನಕಲು ಮಾತ್ರ ಹೊರಗೆ ಬರುತ್ತದೆ. ಆ ನಕಲೇ ಆರ್‌ಎನ್‌ಎ. ಅದನ್ನು ಓದಿ ಕೋಶವು ಪ್ರೋಟೀನ್ ತಯಾರಿಸುತ್ತದೆ. ನಕಲು ಇದ್ದರೆ ಸಾಲದು, ಸರಿಯಾದ ಜಾಗವನ್ನೂ ಸೇರಬೇಕು. ಹಣ್ಣಿಗೆ ಮುತ್ತುವ ಸಣ್ಣ ನೊಣದ ಮೊಟ್ಟೆಯಲ್ಲಿ ಬೈಕಾಯ್ಡ್ ಎಂಬ ಆರ್‌ಎನ್‌ಎ ಒಂದು ತುದಿಯಲ್ಲಿರುತ್ತದೆ. ತಲೆ ಮೂಡುವುದು ಆ ತುದಿಯಲ್ಲೇ. ತಾಯಿನೊಣ ಅದನ್ನು ಕೊಡದಿದ್ದರೆ ಮರಿಗೆ ತಲೆಯೇ ಮೂಡುವುದಿಲ್ಲ.

ಯಾವ ಆರ್‌ಎನ್‌ಎ ಎಲ್ಲಿದೆ ಎಂದು ತಿಳಿಯುವುದು ಹೇಗೆ? ಹೊಳೆಯುವ ಬಣ್ಣ ಅಂಟಿಸಿ ಸೂಕ್ಷ್ಮದರ್ಶಕದಲ್ಲಿ ನೋಡಬಹುದು. ಆದರೆ ಒಮ್ಮೆಗೆ ಗುರುತಿಸಬಹುದಾದ ಬಣ್ಣಗಳು ಕೆಲವೇ. ಆರ್‌ಎನ್‌ಎಗಳೋ ಸಾವಿರಾರು ಬಗೆ. 2015ರಲ್ಲಿ ಹಾರ್ವರ್ಡ್‌ನ ಶಿಯಾವ್‌ವೇ ಜುವಾಂಗ್ ಅವರ ತಂಡ ಒಂದೇ ಕೋಶವನ್ನು 16 ಸುತ್ತು ನೋಡಿತು. ಸುತ್ತಿನಲ್ಲಿ ಚುಕ್ಕೆ ಹೊಳೆದರೆ 1, ಹೊಳೆಯದಿದ್ದರೆ 0. ಪ್ರತಿ ಬಗೆಯ ಆರ್‌ಎನ್‌ಎಗೂ ಇಂಥ 16 ಅಂಕಿಗಳ ಒಂದು ಹೆಸರನ್ನು ಮೊದಲೇ ಇಟ್ಟಿದ್ದರು.

ತೊಡಕು ಇಲ್ಲೇ ಇದೆ. ಒಂದು ಸುತ್ತಿನಲ್ಲಿ ಚುಕ್ಕೆ ಮಂಕಾದರೂ ಹೆಸರು ತಪ್ಪುತ್ತದೆ. ಇದಕ್ಕೆ ಮದ್ದು ಸಿಕ್ಕಿದ್ದು ಗಣಿತದಲ್ಲಿ. ಯಂತ್ರ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವ ಸಂಕೇತವನ್ನು ಬೆಲ್ ಲ್ಯಾಬ್ಸ್‌ನ ರಿಚರ್ಡ್ ಹ್ಯಾಮಿಂಗ್ 1950ರಲ್ಲೇ ಪ್ರಕಟಿಸಿದ್ದರು. ಬಿ.ಇ.ಯಲ್ಲಿ ನಮಗೆ ಪಾಠವಾಗಿದ್ದೂ ಅದೇ. ತಂಡ ಅದನ್ನು ಮಾರ್ಪಡಿಸಿ, ಯಾವುದೇ ಎರಡು ಹೆಸರುಗಳು ಕನಿಷ್ಠ 4 ಸ್ಥಾನಗಳಲ್ಲಿ ಬೇರೆಯಾಗಿರುವಂತೆ 140 ಹೆಸರುಗಳನ್ನು ಆರಿಸಿತು. ಆಗ ಒಂದು ಅಂಕಿ ತಪ್ಪಿದರೂ ಅದು ಯಾವ ಹೆಸರಿಗೆ ಹತ್ತಿರವೆಂದು ನೋಡಿ ತಿದ್ದಬಹುದು.

ಈ ವಿಧಾನದಲ್ಲಿ ಕೋಶವನ್ನು ರಾಸಾಯನಿಕದಿಂದ ಸ್ಥಿರಗೊಳಿಸುತ್ತಾರೆ, ಅದು ಬದುಕಿರುವುದಿಲ್ಲ. ಬದುಕಿರುವ ಯೀಸ್ಟ್ ಕೋಶದಲ್ಲಿ ಒಂದು ಬಗೆಯ ಆರ್‌ಎನ್‌ಎ ಚಲಿಸುವುದನ್ನು 1998ರಲ್ಲೇ ನೋಡಿದ್ದಾರೆ. ಜೀವಂತ ಕೋಶದಲ್ಲಿ ಸಾವಿರಾರು ಬಗೆಯವನ್ನು ಒಟ್ಟಿಗೆ ಹಿಂಬಾಲಿಸುವ ಕೆಲಸ ಇನ್ನೂ ಬಾಕಿಯಿದೆ.

ಪೋಷಕರಲ್ಲಿ ನನ್ನ ವಿನಂತಿ ಇಷ್ಟೇ: ಮಕ್ಕಳು ಯಾವ ವಿಷಯವನ್ನಾದರೂ ಆರಿಸಲಿ, ಇನ್ನೊಂದನ್ನು ಓದಬೇಡ ಎನ್ನಬೇಡಿ. ಮಕ್ಕಳೇ, ಆ ಬಾಕಿ ಕೆಲಸಕ್ಕೆ ಎರಡೂ ಬಲ್ಲವರು ಬೇಕು. ಅವರು ನಮ್ಮ ಶಾಲೆಯಿಂದಲೂ ಬರಲಿ.