ಹೇಳದೆ ಬಿಟ್ಟದ್ದನ್ನು ಓದಿದ ಎಡ್ವರ್ಡ್ ಸಯೀದ್

ಎಡ್ವರ್ಡ್ ಸಯೀದ್ ಅವರ ವಿಷಯ ಬಂದಾಗ ನಾವು ಅವರನ್ನು ಎರಡು ಪಾಲು ಮಾಡಿಬಿಡುತ್ತೇವೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1963ರಿಂದ ಪಾಠ ಹೇಳಿದ ಸಾಹಿತ್ಯದ ಪ್ರಾಧ್ಯಾಪಕರು ಒಂದು ಪಾಲು, ಪ್ಯಾಲೆಸ್ತೀನಿನ ಪರವಾಗಿ ಹೋರಾಡಿದ ರಾಜಕೀಯ ವ್ಯಕ್ತಿ ಇನ್ನೊಂದು. ವಿದ್ವತ್ತನ್ನು ಮೆಚ್ಚುವವರು ರಾಜಕೀಯವನ್ನು ಹೇಗೋ ಸಹಿಸಿಕೊಳ್ಳುತ್ತಾರೆ. ಈ ವಿಂಗಡಣೆಯೇ ತಪ್ಪೆಂದು ನಾನು ವಾದಿಸುತ್ತೇನೆ. 1935ರಲ್ಲಿ ಜೆರುಸಲೇಮಿನಲ್ಲಿ ಹುಟ್ಟಿ, ಕೈರೋದಲ್ಲಿ ಓದಿ, ಅಮೆರಿಕ ಸೇರಿ, ಜೋಸೆಫ್ ಕಾನ್ರಾಡ್ ಕುರಿತು ಸಂಶೋಧನೆ ಮಾಡಿದ ಈ ವಿದ್ವಾಂಸರ ಕೈಯಲ್ಲಿ ಇದ್ದದ್ದು ಒಂದೇ ಸಾಧನ, ಅದು ಓದು. ಬರೆದದ್ದರ ಜೊತೆಗೆ ಬರೆಯದೆ ಬಿಟ್ಟದ್ದನ್ನೂ ಓದುವ ಓದು.

ಜೇನ್ ಆಸ್ಟಿನ್ ಅವರ 'ಮ್ಯಾನ್ಸ್‌ಫೀಲ್ಡ್ ಪಾರ್ಕ್' ಕಾದಂಬರಿಯಲ್ಲಿ ಶ್ರೀಮಂತ ಮನೆಯ ಯಜಮಾನನಿಗೆ ಆಂಟಿಗುವಾ ದ್ವೀಪದಲ್ಲಿ ಆಸ್ತಿಯಿದೆ. ಅಲ್ಲಿ ದುಡಿಯುವವರು ಗುಲಾಮರು. ಆ ಮನೆಯಲ್ಲೇ ಬೆಳೆದ ಫ್ಯಾನಿ ಒಮ್ಮೆ ಗುಲಾಮರ ವ್ಯಾಪಾರದ ಬಗ್ಗೆ ಕೇಳುತ್ತಾಳೆ, ಯಾರೂ ಬಾಯಿ ಬಿಡುವುದಿಲ್ಲ. ಆ ಮನೆಯ ನೆಮ್ಮದಿಯನ್ನು ಸಾಕುತ್ತಿರುವುದೇ ಆ ದ್ವೀಪ ಎಂದು 1993ರ 'ಕಲ್ಚರ್ ಅಂಡ್ ಇಂಪೀರಿಯಲಿಸಂ'ನಲ್ಲಿ ಸಯೀದ್ ತೋರಿಸಿದರು. ಅದೇ ವರ್ಷ ಇಸ್ರೇಲ್ ಮತ್ತು ಪ್ಯಾಲೆಸ್ತೀನ್ ವಿಮೋಚನಾ ಸಂಘಟನೆಯ (ಪಿಎಲ್‌ಒ) ನಡುವೆ ಓಸ್ಲೋ ಒಪ್ಪಂದವಾಯಿತು, ಜಗತ್ತು ಸಂಭ್ರಮಿಸಿತು. ಸಯೀದ್ ಒಪ್ಪಂದದ ಕಾಗದಗಳನ್ನೂ ಕಾದಂಬರಿಯಂತೆಯೇ ಓದಿದರು. ಪಿಎಲ್‌ಒ ನಾಯಕ ಅರಾಫತ್ ಅವರ ಪತ್ರ ಇಸ್ರೇಲಿನ ಬದುಕುವ ಹಕ್ಕನ್ನು ಒಪ್ಪಿತ್ತು. ಇಸ್ರೇಲಿನ ಪ್ರಧಾನಿ ರಾಬಿನ್ ಅವರ ಪತ್ರ ಒಪ್ಪಿದ್ದು ಪಿಎಲ್‌ಒ ಪ್ಯಾಲೆಸ್ತೀನಿಯರ ಪ್ರತಿನಿಧಿ ಎಂಬುದನ್ನು ಮಾತ್ರ. ಸ್ವತಂತ್ರ ರಾಷ್ಟ್ರದ ಮಾತಿಲ್ಲ, ಹೊಸ ವಸಾಹತುಗಳನ್ನು ನಿಲ್ಲಿಸುವ ಮಾತಿಲ್ಲ. ಅವರ ಈ ಓದನ್ನು ಶಾಂತಿಯ ವಿರೋಧವೆಂದವರಿದ್ದಾರೆ. ಆದರೆ ಎರಡು ರಾಷ್ಟ್ರಗಳ ಪರಿಹಾರಕ್ಕೆ ದಾರಿ ತೆರೆದ, ಪ್ಯಾಲೆಸ್ತೀನ್ ರಾಷ್ಟ್ರೀಯ ಮಂಡಳಿಯ 1988ರ ಆಲ್ಜಿಯರ್ಸ್ ನಿರ್ಣಯವನ್ನು ಬೆಂಬಲಿಸಿದವರಲ್ಲಿ ಅವರೂ ಒಬ್ಬರು.

ಹೆಚ್ಚು ತೂಕದ ಆಕ್ಷೇಪ ಬೇರೆಯದು. ಅವರ 1978ರ ಪುಸ್ತಕ 'ಓರಿಯಂಟಲಿಸಂ' ಪೂರ್ವದೇಶಗಳನ್ನು ಅಧ್ಯಯನ ಮಾಡಿದವರನ್ನೆಲ್ಲ ಸಾಮ್ರಾಜ್ಯದ ಆಳುಗಳಂತೆ ಕಾಣಿಸಿತು, ಜರ್ಮನ್ ವಿದ್ವಾಂಸರನ್ನು ಹೆಚ್ಚುಕಡಿಮೆ ಬಿಟ್ಟೇಬಿಟ್ಟಿತು ಎಂಬುದು ಅದು. ಜರ್ಮನಿಯ ಕಿಟ್ಟೆಲ್ ಅವರ 1894ರ ಕನ್ನಡ ನಿಘಂಟನ್ನು ಇಂದಿಗೂ ತೆರೆಯುವ ನಮಗೆ ಈ ಆಕ್ಷೇಪ ತಟ್ಟದೆ ಇರದು, ತಟ್ಟಲೂ ಬೇಕು. ಜರ್ಮನ್ ವಿದ್ವಾಂಸರನ್ನು ಬಿಟ್ಟ ಕೊರತೆಯನ್ನು ಸಯೀದ್ ತಮ್ಮ ಪೀಠಿಕೆಯಲ್ಲೇ ಒಪ್ಪಿಕೊಂಡಿದ್ದರು. ಆದರೂ ಅವರ ಪ್ರಶ್ನೆ ಬಿದ್ದುಹೋಗುವುದಿಲ್ಲ. ಒಬ್ಬ ವಿದ್ವಾಂಸನ ಶ್ರಮ ಎಷ್ಟೇ ಪ್ರಾಮಾಣಿಕವಾಗಿದ್ದರೂ, ಅದು ಯಾವ ಅಧಿಕಾರದ ನೆರಳಲ್ಲಿ ನಡೆಯಿತು ಎಂದು ಕೇಳಲೇಬೇಕಾಗುತ್ತದೆ. ಮಿಷನರಿಯೂ ಆಗಿದ್ದ ಕಿಟ್ಟೆಲ್ ಅವರ ವಿಷಯದಲ್ಲೂ ಹಾಗೆ ಕೇಳಬಹುದು, ಕೃತಜ್ಞತೆಗೇನೂ ಕುಂದು ಬರುವುದಿಲ್ಲ.

ಇನ್ನು, ಪಕ್ಷ ಹಿಡಿದವನ ಓದು ನಂಬಲರ್ಹವಲ್ಲ ಎನ್ನುವವರಿಗೆ ದಾಖಲೆಯೇ ಉತ್ತರ ಹೇಳುತ್ತದೆ. 1977ರಿಂದ ಪ್ಯಾಲೆಸ್ತೀನ್ ರಾಷ್ಟ್ರೀಯ ಮಂಡಳಿಯ ಸದಸ್ಯರಾಗಿದ್ದ ಸಯೀದ್ 1991ರಲ್ಲಿ ಹೊರಬಂದರು. ತಮ್ಮವರ ಆಡಳಿತದ ದರ್ಪವನ್ನೂ ಅಷ್ಟೇ ಖಾರವಾಗಿ ಬರೆದರು. 1996ರಲ್ಲಿ ಅವರ ಪುಸ್ತಕಗಳನ್ನು ನಿಷೇಧಿಸಿದ್ದು ಅರಾಫತ್ ಅವರ ಆಡಳಿತವೇ. ಅಷ್ಟು ಹೊತ್ತಿಗೆ ರಕ್ತದ ಕ್ಯಾನ್ಸರ್ ಅವರನ್ನು ಹಿಡಿದು ಐದು ವರ್ಷವಾಗಿತ್ತು. 2003ರ ಸೆಪ್ಟೆಂಬರಿನಲ್ಲಿ ತೀರಿಕೊಳ್ಳುವವರೆಗೂ ಅವರು ಬರವಣಿಗೆಯನ್ನು ನಿಲ್ಲಿಸಲಿಲ್ಲ.