ರದ್ದಿಗೆ ಹಾಕಬೇಡಿ, ಅದು ಕನ್ನಡದ ಹಸ್ತಪ್ರತಿ!

(ಜಯನಗರದಲ್ಲಿ ಯುವಕರ ಮುಂದೆ ಮಾಡಿದ ಭಾಷಣದ ಬರಹರೂಪ)



ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನಲ್ಲಿ ಒಂದು ಚಿತ್ರಮಂದಿರವಿತ್ತು. ಅದರ ಹೆಸರು ಪುಟ್ಟಣ್ಣ ಕಣಗಾಲ್ ಚಿತ್ರಮಂದಿರ. ನಿಮ್ಮಲ್ಲಿ ಕೆಲವರು ಅಪ್ಪ-ಅಮ್ಮನ ಕೈಹಿಡಿದು ಅಲ್ಲಿಗೆ ಹೋಗಿರಬಹುದು. ಅದನ್ನು ಕೆಡವಿಯಾಯಿತು. ಈ ಕಡೆಯ ನಂದಾ ಹೋಯಿತು, ಶಾಂತಿ ಹೋಯಿತು. ಆದರೆ ನಾನು ಇವತ್ತು ಕಟ್ಟಡಗಳಿಗಾಗಿ ಅಳಲು ಬಂದಿಲ್ಲ. ಒಂದು ಕಟ್ಟಡ ಹೋದರೆ ಇನ್ನೊಂದು ಕಟ್ಟಬಹುದು. ಆದರೆ ಪುಟ್ಟಣ್ಣನವರಂಥ ನಿರ್ದೇಶಕ ತನ್ನ ಕೈಯಾರೆ ಬರೆದ ಚಿತ್ರಕಥೆಯ ಹಾಳೆ ಹೋದರೆ? ಅದನ್ನು ಯಾವ ಗುತ್ತಿಗೆದಾರ ಕಟ್ಟಿಕೊಡುತ್ತಾನೆ?

ನಾನು ಮಾತಾಡಬೇಕಾದ್ದು ಆ ಹಾಳೆಯ ಬಗ್ಗೆ.

ಪುಟ್ಟಣ್ಣ ಹುಟ್ಟಿದ್ದು 1933ರಲ್ಲಿ, ಮೈಸೂರು ಜಿಲ್ಲೆಯ ಕಣಗಾಲಿನಲ್ಲಿ. ಬಿ.ಆರ್. ಪಂತುಲು ಅವರ ಗರಡಿಯಲ್ಲಿ ಪಳಗಿದವರು. 1967ರಲ್ಲಿ 'ಬೆಳ್ಳಿಮೋಡ'. ಆಮೇಲೆ 'ಗೆಜ್ಜೆಪೂಜೆ', 'ಶರಪಂಜರ', 'ನಾಗರಹಾವು', 'ಎಡಕಲ್ಲು ಗುಡ್ಡದ ಮೇಲೆ'. ತ್ರಿವೇಣಿ, ಎಂ.ಕೆ. ಇಂದಿರಾ, ತ.ರಾ.ಸು., ಭಾರತೀಸುತ ಇವರ ಕಾದಂಬರಿಗಳನ್ನು ಓದು ಬಾರದ ಹಳ್ಳಿಯ ತಾಯಿಗೂ ಮುಟ್ಟಿಸಿದವರು ಅವರು. ಕಾದಂಬರಿಗೂ ಪರದೆಗೂ ನಡುವೆ ಒಂದು ಸೇತುವೆ ಬೇಕಲ್ಲ? ಆ ಸೇತುವೆಯ ಹೆಸರೇ ಚಿತ್ರಕಥೆ.

ನೀವು ಸ್ಕ್ರಿಪ್ಟ್ ನೋಡಿದ್ದೀರಾ? ಹಳೆಯ ಕಾಲದ ಪದ್ಧತಿ ಹೀಗೆ. ಹಾಳೆಯ ನಡುವೆ ಒಂದು ಗೆರೆ. ಎಡಗಡೆ ಕಣ್ಣಿಗೆ ಕಾಣುವುದು, ಬಲಗಡೆ ಕಿವಿಗೆ ಕೇಳುವುದು. ಮೇಲೆ ದೃಶ್ಯದ ಸಂಖ್ಯೆ, ಜಾಗ, ಹಗಲೋ ರಾತ್ರಿಯೋ ಎಂಬ ಗುರುತು. ಶೂಟಿಂಗ್ ನಡೆಯುವಾಗ ಅದರ ಮೇಲೆ ಪೆನ್ಸಿಲಿನಲ್ಲಿ ತಿದ್ದುತ್ತಾರೆ. ಒಂದು ಮಾತು ಹೊಡೆದುಹಾಕಿ ಇನ್ನೊಂದು ಬರೆಯುತ್ತಾರೆ. ಸಹಾಯಕ ನಿರ್ದೇಶಕ ಅಂಚಿನಲ್ಲಿ ನಾಯಕಿಯ ಸೀರೆಯ ಬಣ್ಣ ಗುರುತು ಹಾಕುತ್ತಾನೆ. ಸಿನಿಮಾ ಮುಗಿದ ಮೇಲೆ ಈ ಹಾಳೆ ಯಾರಿಗೂ ಬೇಡ. ಅಟ್ಟಕ್ಕೆ ಹೋಗುತ್ತದೆ. ಮನೆ ಬದಲಾಯಿಸುವಾಗ ಅಟ್ಟದಿಂದ ರದ್ದಿಯವನ ತಕ್ಕಡಿಗೆ ಹೋಗುತ್ತದೆ.

ಹೋದರೇನು, ಸಿನಿಮಾ ಇದೆಯಲ್ಲ ಎನ್ನುತ್ತೀರಾ? ಕೇಳಿ.

1972ರ 'ನಾಗರಹಾವು' ತ.ರಾ.ಸು. ಅವರ ಒಂದು ಕಾದಂಬರಿಯಿಂದ ಆದದ್ದಲ್ಲ. 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ', ಈ ಮೂರನ್ನು ಕೂಡಿಸಿ ಪುಟ್ಟಣ್ಣ ಒಂದು ಕಥೆ ಮಾಡಿದರು. ವಿಷ್ಣುವರ್ಧನ್ ಎಂಬ ನಾಯಕ ಹುಟ್ಟಿದ್ದು ಅಲ್ಲಿ. ಆದರೆ ಆ ಚಿತ್ರ ತ.ರಾ.ಸು. ಅವರಿಗೆ ಹಿಡಿಸಲಿಲ್ಲ ಎಂಬುದು ಕನ್ನಡ ಬಲ್ಲವರಿಗೆಲ್ಲ ಗೊತ್ತು. ಇಬ್ಬರೂ ದೊಡ್ಡವರು. ಯಾರ ಮಾತು ಸರಿ? ಮೂರು ಕಾದಂಬರಿಗಳಲ್ಲಿ ಏನನ್ನು ಇಟ್ಟುಕೊಂಡರು, ಏನನ್ನು ಬಿಟ್ಟರು, ಬಿಡುವ ಮೊದಲು ಎಷ್ಟು ಸಲ ಬರೆದು ಹರಿದರು ಎಂಬುದು ಸಿನಿಮಾದಲ್ಲಿ ಕಾಣುವುದಿಲ್ಲ. ಅದು ಕಾಣುವುದು ಕರಡು ಪ್ರತಿಯಲ್ಲಿ ಮಾತ್ರ. 2018ರಲ್ಲಿ ಆ ಚಿತ್ರಕ್ಕೆ ಹೊಸ ರೂಪ ಕೊಟ್ಟು ಮತ್ತೆ ಬಿಡುಗಡೆ ಮಾಡಿದಾಗ ನೀವೇ ಶಿಳ್ಳೆ ಹೊಡೆದಿರಿ. ಚಿತ್ರ ತೊಳೆದು ಹೊಳಪು ಕೊಡಲು ಜನ ಸಿಗುತ್ತಾರೆ. ಬರೆದವರ ಹಾಳೆಯ ಧೂಳು ಒರೆಸಲು ಯಾರು ಸಿಗುತ್ತಾರೆ?

ಇನ್ನೊಂದು ಉದಾಹರಣೆ. 1985ರ ಜೂನ್ 5ರಂದು ಪುಟ್ಟಣ್ಣ ತೀರಿಕೊಂಡಾಗ 'ಮಸಣದ ಹೂವು' ಇನ್ನೂ ಮುಗಿದಿರಲಿಲ್ಲ. ಕೆ.ಎಸ್.ಎಲ್. ಸ್ವಾಮಿ ಅದನ್ನು ಮುಗಿಸಿಕೊಟ್ಟರು. ಒಬ್ಬ ನಿರ್ದೇಶಕ ಕಣ್ಣುಮುಚ್ಚಿದ ಮೇಲೆ ಇನ್ನೊಬ್ಬ ಆ ಚಿತ್ರವನ್ನು ಕೈಗೆತ್ತಿಕೊಂಡರೆ, ಹಿಂದಿನವರ ಮನಸ್ಸಿನಲ್ಲಿ ಏನಿತ್ತು ಎಂದು ಹೇಳಬಲ್ಲದ್ದು ಬರೆದಿಟ್ಟ ಕಾಗದವೇ ತಾನೆ?

ಇದು ಪುಟ್ಟಣ್ಣ ಒಬ್ಬರ ಮಾತಲ್ಲ. ಹುಣಸೂರು ಕೃಷ್ಣಮೂರ್ತಿ 'ಸತ್ಯ ಹರಿಶ್ಚಂದ್ರ' (1965), 'ಬಭ್ರುವಾಹನ' (1977) ಚಿತ್ರಗಳನ್ನು ನಿರ್ದೇಶಿಸಿದರು. 'ಬಭ್ರುವಾಹನ'ದ ಮಾತುಗಳನ್ನು ಬಾಯಿಪಾಠ ಮಾಡಿ ಗಣೇಶನ ಉತ್ಸವದಲ್ಲಿ ಒಪ್ಪಿಸುವ ನೀವು, ಅವನ್ನು ಬರೆದ ಕೈಯನ್ನು ನೆನೆದಿದ್ದೀರಾ? ಕನ್ನಡದಲ್ಲಿ ಸಿನಿಮಾ ಮಾಡುವುದೇ ಕಷ್ಟವಾಗಿದ್ದ ದಿನಗಳಲ್ಲಿ ಜಿ.ವಿ. ಅಯ್ಯರ್, ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು ಕೂಡಿ 1960ರಲ್ಲಿ 'ರಣಧೀರ ಕಂಠೀರವ' ತೆಗೆದರು. ಆಗ ನಮ್ಮವರು ಕೂತು ಬರೆಯುತ್ತಿದ್ದದ್ದು ಮದರಾಸಿನಲ್ಲಿ, ಪರಭಾಷೆಯ ಸ್ಟುಡಿಯೋಗಳ ನೆರಳಿನಲ್ಲಿ. ಆಮೇಲೆ ಚಿತ್ರರಂಗ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿಗೆ ಬಂತು. ಗಂಟು ಕಟ್ಟುವಾಗ ಮೊದಲು ಬಿಸಾಡುವುದು ಏನನ್ನು? ಹಳೇ ಕಾಗದವನ್ನು!

ಕಾಗದ ಕಳೆದುಕೊಂಡರೆ ಏನಾಗುತ್ತದೆ ಎಂದು ನಮ್ಮ ಮೊದಲ ವಾಕ್ಚಿತ್ರವನ್ನೇ ಕೇಳಿ. 1934ರ ಮಾರ್ಚ್ 3ರಂದು ಬಿಡುಗಡೆಯಾದ 'ಸತಿ ಸುಲೋಚನಾ'. ನಿರ್ದೇಶನ ವೈ.ವಿ. ರಾವ್, ಬರವಣಿಗೆ ಬೆಳ್ಳಾವೆ ನರಹರಿ ಶಾಸ್ತ್ರಿ. ಶೂಟಿಂಗ್ ಆದದ್ದು ಕೊಲ್ಹಾಪುರದ ಛತ್ರಪತಿ ಸಿನಿಟೋನ್‌ನಲ್ಲಿ. ಅದರ ಒಂದು ಪ್ರತಿಯೂ ಉಳಿದಿಲ್ಲ. ಆ ಕಾಲದ ಫಿಲ್ಮು ಬೆಂಕಿಪೊಟ್ಟಣದ ಹಾಗೆ ಹೊತ್ತಿಕೊಳ್ಳುವ ವಸ್ತು. ಬೆಂಕಿಗೆ ಸಿಗದ ಫಿಲ್ಮನ್ನು ಎಷ್ಟೋ ಕಡೆ ಅದರಲ್ಲಿನ ಬೆಳ್ಳಿಗಾಗಿ ಕರಗಿಸಿದರು. ಫಿಲ್ಮು ಹೋದ ಮೇಲೆ ಒಂದು ಚಿತ್ರದ ಗುರುತು ಉಳಿಯುವುದು ಕಾಗದದಲ್ಲೇ: ಭಿತ್ತಿಪತ್ರ, ಪತ್ರಿಕೆಯ ಜಾಹೀರಾತು, ನೆನಪಿನ ಬರಹ, ಚಿತ್ರಮಂದಿರದ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕ. ಆ ಪುಸ್ತಕಗಳಲ್ಲಿ ಅರ್ಧ ಕಥೆ ಹೇಳಿ, ಮುಂದಿನದನ್ನು ಪರದೆಯ ಮೇಲೆ ನೋಡಿ ಎಂದು ನಿಲ್ಲಿಸುತ್ತಿದ್ದರು. ಪರದೆಯೇ ಖಾಲಿಯಾದ ಮೇಲೆ ಮುಂದಿನ ಕಥೆಯನ್ನು ಎಲ್ಲಿ ನೋಡೋಣ?

ಸೆನ್ಸಾರಿಗೆ ಸ್ಕ್ರಿಪ್ಟ್ ಕೊಟ್ಟಿರುತ್ತಾರಲ್ಲ ಎಂದು ಕೆಲವರು ಕೇಳಬಹುದು. ನಿಜ, ಮಾತು ಮತ್ತು ಹಾಡುಗಳ ಪಠ್ಯವನ್ನು ಒಪ್ಪಿಸಬೇಕು. ಆದರೆ ಅದು ಚಿತ್ರ ಮುಗಿದ ಮೇಲೆ ಟೈಪು ಮಾಡಿದ ಪ್ರತಿ. ಹೊಡೆದುಹಾಕಿದ ಸಾಲು ಅದರಲ್ಲಿ ಇರುವುದಿಲ್ಲ. ಬರೆಯುವುದನ್ನು ಕಲಿಯುವವನಿಗೆ ಪಾಠ ಇರುವುದು ಹೊಡೆದುಹಾಕಿದ ಸಾಲಿನಲ್ಲಿ!

ಬಂಗಾಳದವರನ್ನು ನೋಡಿ. ಸತ್ಯಜಿತ್ ರಾಯ್ ತಮ್ಮ ಚಿತ್ರಕಥೆಗಳನ್ನು ಕೆಂಪು ಬಟ್ಟೆಯ ರಟ್ಟಿನ ಲೆಕ್ಕದ ಪುಸ್ತಕಗಳಲ್ಲಿ ಬರೆಯುತ್ತಿದ್ದರು, ನಮ್ಮ ಶೆಟ್ಟರ ಅಂಗಡಿಯ ಖಾತೆ ಪುಸ್ತಕದಂಥವು. ಚಿತ್ರ, ಉಡುಪು, ಸಂಗೀತ ಎಲ್ಲದರ ಟಿಪ್ಪಣಿ ಅದರಲ್ಲೇ. 1992ರಲ್ಲಿ ರಾಯ್ ತೀರಿಕೊಂಡರು. 1994ರಲ್ಲಿ ಅವರ ಹೆಸರಿನ ಸಂಸ್ಥೆ ಕಟ್ಟಿ ಚಿತ್ರಗಳನ್ನೂ ಕಾಗದಗಳನ್ನೂ ಕಾಪಾಡಲು ನಿಂತರು. ಅವರಿಗೆ ಇರುವ ಅಭಿಮಾನ ನಮಗಿಲ್ಲವೇ? ಇದೆ. ಆದರೆ ನಮ್ಮ ಅಭಿಮಾನ ಕಟೌಟಿಗೆ ಹಾಲು ಎರೆಯುವಲ್ಲಿಗೆ ನಿಂತುಬಿಡುತ್ತದೆ.

ನಮಗೆ ದಾರಿ ತೋರಿಸಲು ಹೊರಗಿನವರೇ ಬೇಕಿಲ್ಲ. ಫ.ಗು. ಹಳಕಟ್ಟಿಯವರು ಊರೂರು, ಮನೆಮನೆ ಅಲೆದು ತಾಳೆಗರಿ ಕೂಡಿಸಿದರು. 1923ರಲ್ಲಿ 'ವಚನಶಾಸ್ತ್ರಸಾರ' ಹೊರತಂದರು. ಜಗಲಿಯ ಮೂಲೆಯಲ್ಲಿ ಗೆದ್ದಲು ತಿನ್ನುತ್ತಿದ್ದ ಗರಿ ಇವತ್ತು ಕನ್ನಡದ ಕಿರೀಟ. ಅವರು ಸುಮ್ಮನೆ ಕೂತಿದ್ದರೆ? ಇಪ್ಪತ್ತನೇ ಶತಮಾನದ ತಾಳೆಗರಿ ಇರುವುದು ನಮ್ಮ ಬಡಾವಣೆಗಳ ಅಟ್ಟಗಳಲ್ಲಿ, ಗೆಳೆಯರೇ. ಜೆ.ಪಿ. ನಗರದಲ್ಲಿ, ಬನಶಂಕರಿಯಲ್ಲಿ ಹಳೇ ಮನೆ ಕೆಡವಿ ಅಪಾರ್ಟ್‌ಮೆಂಟ್ ಏಳುವಾಗಲೆಲ್ಲ ಒಂದು ಅಟ್ಟ ಖಾಲಿಯಾಗುತ್ತದೆ.

ಹಾಗಾದರೆ ನೀವೇನು ಮಾಡಬೇಕು?

ನಿಮ್ಮ ಬೀದಿಯಲ್ಲಿ ಸಿನಿಮಾದಲ್ಲಿ ದುಡಿದ ಹಿರಿಯರು ಯಾರಿದ್ದಾರೆ ಎಂದು ಕೇಳಿ. ಬರಹಗಾರರೇ ಆಗಬೇಕಿಲ್ಲ. ಸಹಾಯಕ ನಿರ್ದೇಶಕ, ಸಂಕಲನಕಾರ, ಮೇಕಪ್ಪಿನವರು, ಪ್ರೊಡಕ್ಷನ್ ಮ್ಯಾನೇಜರ್, ಯಾರ ಮನೆಯಲ್ಲಾದರೂ ಒಂದು ಕಟ್ಟು ಇರಬಹುದು. ಹೋಗಿ ನಮಸ್ಕಾರ ಮಾಡಿ ಕೂತು ಕೇಳಿ. ಕಿತ್ತುಕೊಂಡು ಬರಬೇಡಿ! ಬರಹದ ಹಕ್ಕು ಬರೆದವರು ತೀರಿಕೊಂಡ ಮೇಲೂ 60 ವರ್ಷ ಉಳಿಯುತ್ತದೆ. ಅವರ ಅಪ್ಪಣೆ ಪಡೆದು ನಿಮ್ಮ ಫೋನಿನಲ್ಲೇ ಪುಟಪುಟವಾಗಿ ಚಿತ್ರ ತೆಗೆಯಿರಿ. ಯಾವ ಸಿನಿಮಾ, ಯಾರ ಕೈಬರಹ, ಯಾವ ವರ್ಷ, ಹಿರಿಯರು ಹೇಳಿದ್ದನ್ನು ಅಲ್ಲೇ ಬರೆದುಕೊಳ್ಳಿ. ತುಕ್ಕು ಹಿಡಿದ ಗುಂಡುಪಿನ್ನನ್ನು ಮೆಲ್ಲಗೆ ತೆಗೆಯಿರಿ. ಹರಿದ ಹಾಳೆಗೆ ಸೆಲ್ಲೋಟೇಪ್ ಹಚ್ಚಬೇಡಿ, ಲ್ಯಾಮಿನೇಶನ್ ಬೇಡವೇ ಬೇಡ. ಒಣ ಜಾಗದಲ್ಲಿ ಮಟ್ಟಸವಾಗಿ ಇಡಲು ಮನೆಯವರಿಗೆ ಹೇಳಿ.

ಬನಶಂಕರಿ ಎರಡನೇ ಹಂತದಲ್ಲಿ 1971ರಿಂದ ಬೆಳೆದು ಬಂದ ಸುಚಿತ್ರ ಫಿಲ್ಮ್ ಸೊಸೈಟಿ ಇದೆ. ಅಲ್ಲಿಗೆ ಹೋಗಿ, ಸಿನಿಮಾ ತಿಳಿದವರ ಹತ್ತಿರ ಕಲಿಯಿರಿ. ಹಾಗೆಯೇ ಸರ್ಕಾರದ ಚಲನಚಿತ್ರ ಅಕಾಡೆಮಿಗೆ ಮೂರು ಪ್ರಶ್ನೆ ಬರೆದು ಕಳಿಸಿ. ಹಸ್ತಪ್ರತಿ ತಂದುಕೊಟ್ಟರೆ ಇಟ್ಟುಕೊಳ್ಳುತ್ತೀರಾ? ಇಟ್ಟದ್ದರ ಪಟ್ಟಿ ಕೊಡುತ್ತೀರಾ? ನಮ್ಮಂಥ ಹುಡುಗರು ಬಂದು ನೋಡಬಹುದೇ? ಉತ್ತರ ಬರುವವರೆಗೂ ಬರೆಯುತ್ತಲೇ ಇರಿ.

ಇವತ್ತು ಕನ್ನಡದ ಸಂಭಾಷಣೆಯನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದು ನಟರ ಕೈಗೆ ಕೊಡುವುದುಂಟು. ನಿಮ್ಮಲ್ಲೂ ಸಿನಿಮಾ ಬರೆಯುವ ಆಸೆ ಇರುವವರಿದ್ದೀರಿ. ಕನ್ನಡದಲ್ಲಿ ಮಾತು ಹೇಗೆ ಕಟ್ಟಬೇಕು ಎಂದು ನಿಮಗೆ ಯಾರು ಕಲಿಸಬೇಕು? ಪುಟ್ಟಣ್ಣನವರ ಪೆನ್ಸಿಲ್ ಗುರುತು ಕಲಿಸಬೇಕು. ಹುಣಸೂರರ ಹೊಡೆದುಹಾಕಿದ ಸಾಲು ಕಲಿಸಬೇಕು.

ಚಿತ್ರಮಂದಿರ ಕೆಡವುವಾಗ ನಮಗೆ ಸುದ್ದಿಯಾದರೂ ಗೊತ್ತಾಯಿತು. ಹಾಳೆ ಹೋಗುವಾಗ ಸದ್ದೇ ಆಗುವುದಿಲ್ಲ. ಭಾನುವಾರ ಬೆಳಗ್ಗೆ ಬೀದಿಯಲ್ಲಿ 'ಹಳೇ ಪೇಪರ್' ಎಂದು ಕೂಗು ಕೇಳಿದರೆ, ತಕ್ಕಡಿಗೆ ಹಾಕುವ ಮೊದಲು ಕಟ್ಟು ಬಿಚ್ಚಿ ನೋಡಿ. ಇಷ್ಟು ಮಾಡಿದರೂ ನೀವು ಕನ್ನಡದ ಕೆಲಸ ಮಾಡಿದಂತೆ.