ಹೊಲಿಗೆ ಹಾಕಿದ ಮೇಲೆ



ಶಸ್ತ್ರಚಿಕಿತ್ಸೆ ಮುಗಿಯಿತೆಂದೊಡನೆ ಗಂಡಾಂತರವೂ ಕಳೆಯಿತೆಂದು ನಾವು ನೆಮ್ಮದಿಗೊಳ್ಳುತ್ತೇವೆ. ಆದರೆ ಗಾಯದ ಸೋಂಕು ಸಾಮಾನ್ಯವಾಗಿ 30 ದಿನಗಳೊಳಗೆ ಎಂದಾದರೂ ತಲೆದೋರಬಹುದು. 2015ರಲ್ಲಿ ಗದಗಿನಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಆರಂಭವಾದ ಮೇಲೆ ಈ ಸೀಮೆಯವರಿಗೆ ಅನುಕೂಲ ಹೆಚ್ಚಿತು, ನಿಜ. ಅಲ್ಲಿ ಮಲಗಿದ್ದವನು ಅಷ್ಟರಲ್ಲಿ ಬೆಟಗೇರಿಗೋ ಶಿರಹಟ್ಟಿಗೋ ಲಕ್ಷ್ಮೇಶ್ವರಕ್ಕೋ ಮರಳಿರುತ್ತಾನೆ. ಕೀವನ್ನು ಮೊದಲು ಕಾಣುವವರು ಮನೆಯವರೇ.

ಅಪಾಯವು ಹಲವು ವೇಳೆ ಕತ್ತಿ ಮುಟ್ಟುವ ಮೊದಲೇ ಮೊಳೆತಿರುತ್ತದೆ. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದವನ ರಕ್ತದ ಬಿಳಿಯ ಕಣಗಳು ರೋಗಾಣುಗಳೊಡನೆ ಸರಿಯಾಗಿ ಹೋರಾಡಲಾರವು. ಹೊಗೆಸೊಪ್ಪು ರಕ್ತನಾಳಗಳನ್ನು ಕುಗ್ಗಿಸಿ ಗಾಯಕ್ಕೆ ಸಲ್ಲಬೇಕಾದ ಪ್ರಾಣವಾಯುವನ್ನು ತಪ್ಪಿಸುತ್ತದೆ. ಕನಿಷ್ಠ 4 ವಾರ ಮೊದಲೇ ಬೀಡಿ ಸಿಗರೇಟು ಬಿಟ್ಟವರಿಗೆ ತೊಡಕುಗಳು ಕಡಿಮೆಯೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸಾರಿತು. ಸಭ್ಯರು ಈ ಚಟವನ್ನು ವೈದ್ಯರಿಂದ ಮುಚ್ಚಿಡುವುದುಂಟು, ಶ್ವಾಸಕೋಶದಿಂದ ಮುಚ್ಚಿಡಲಾಗದು!

ಇನ್ನು ಪಥ್ಯ. ಹೆಸರುಕಾಳು ಬೆಳೆಯುವ ಈ ನಾಡಿನಲ್ಲಿಯೇ, ಬೇಳೆ ತಿಂದರೆ ಕೀವಾಗುವುದೆಂದು ರೋಗಿಗೆ ಬರಿಯ ಗಂಜಿ ಕುಡಿಸುವ ಮನೆಗಳಿವೆ. ಕೀವು ರೋಗಾಣುಗಳ ಕೆಲಸ. ಬೇಳೆಯ ತಪ್ಪೇನೂ ಇಲ್ಲ. ಗಾಯ ಕೂಡಲು ಸಸಾರಜನಕ ಬೇಕು. ವೈದ್ಯರು ಊಟಕ್ಕೆ ಅಪ್ಪಣೆಯಿತ್ತ ಮೇಲೆ ಬೇಳೆಯ ಕಟ್ಟನ್ನೂ ಹಾಲನ್ನೂ ಏಕೆ ತಡೆಯಬೇಕು?

ಅಲುಗಾಡದಂತೆ ಮಲಗಿಸಿಡುವ ಅಕ್ಕರೆಯೂ ಕೇಡೇ. ಕಾಲಿನ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತವು ಶ್ವಾಸಕೋಶಕ್ಕೆ ಏರಿದರೆ ಪ್ರಾಣಕ್ಕೇ ಎರವಾದೀತು. ವೈದ್ಯರು ನಡೆಯಿಸಿರೆಂದರೆ ನಡೆಯಿಸಿರಿ.

ಜ್ವರ ಬಂದರೆ, ಗಾಯ ಕೆಂಪೇರಿ ಬಿಸಿಯಾದರೆ, ಹೊಲಿಗೆಯಲ್ಲಿ ಕೀವು ಒಸರಿದರೆ, ಅರಿಸಿನ ಮೆತ್ತಿ ವಾರಗಟ್ಟಲೆ ಕಾಯಬೇಡಿರಿ. ಮುಂಡರಗಿಯಲ್ಲಿದ್ದರೂ ಅಂದೇ ವೈದ್ಯರಿಗೆ ತೋರಿಸಿರಿ. ಕಾಲು ಊದಿ ಉಸಿರು ಕಟ್ಟಿದಂತಾದರೆ ಬೆಳಗಾಗುವವರೆಗೂ ತಡೆಯಬಾರದು.